ಮೆಣಸು ಮಾರಬೇಡಿ ಅಪ್ಪ

ಬರ್ಲಿನ್, ಮಾರ್ಚ್ 14

ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಪುಟ್ಟಿ ಪರೀಕ್ಷೆ ಚೆನ್ನಾಗಿ ಬರೆದಳಂತೆ, ಖುಷಿ ಆಯ್ತು. ಸಕಲೇಶಪುರದ ಕಡೆ ಹೂ ಮಳೆ ಬಂತಾ?

ನಿಮ್ಮ ಕಾಗದ ಮೂರು ಸಲ ಓದಿದೆ. ಕಣದಲ್ಲಿರುವ ಮೆಣಸನ್ನೆಲ್ಲ ಈಗಲೇ ಮಾರಿ ನನಗೆ ದುಡ್ಡು ಕಳಿಸುತ್ತೇನೆ ಅಂತ ಬರೆದಿದ್ದೀರಲ್ಲ, ಅದೊಂದು ಮಾತ್ರ ಮಾಡಬೇಡಿ. ಅದು ಸೊಸೈಟಿ ಸಾಲಕ್ಕೆ ಅಂತ ಇಟ್ಟಿದ್ದು. ಕೆಲಸ ಬಿಟ್ಟ ವಿಷಯ ಫೋನಲ್ಲಿ ಅರ್ಧಂಬರ್ಧ ಹೇಳಿ ನಿಮ್ಮ ನಿದ್ದೆ ಕೆಡಿಸಿದೆ, ತಪ್ಪು ನನ್ನದೇ.

ಪುಕ್ಕಟೆ ಹಂಚುವ ಸಾಫ್ಟ್‌ವೇರ್‌ನಿಂದ ಹೊಟ್ಟೆ ಹೇಗೆ ತುಂಬುತ್ತೆ ಅಂತ ಕೇಳಿದ್ದೀರಿ. ಚಿಕ್ಕಪ್ಪನನ್ನೇ ನೋಡಿ. ಪಂಪ್‌ಸೆಟ್ ರಿಪೇರಿ ಯಾರು ಕೇಳಿದರೂ ಬಿಚ್ಚಿ ತೋರಿಸಿ ಹೇಳಿಕೊಡುತ್ತಾರೆ, ಒಂದು ಪೈಸೆ ತಗೊಳ್ಳಲ್ಲ. ಆದರೂ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಿರುವಾಗ ರಾತ್ರಿ ಮೋಟಾರ್ ನಿಂತರೆ ದೊಡ್ಡ ತೋಟದವರು ಅವರನ್ನೇ ಕರೆಯೋದು. ಅದಕ್ಕೇ ವರ್ಷಕ್ಕಿಷ್ಟು ಅಂತ ಕೊಟ್ಟಿರುತ್ತಾರೆ ಅಲ್ವಾ? ನನ್ನದೂ ಹಾಗೇ. ಕಂಪನಿಗಳು ತಮ್ಮ ಡೇಟಾಬೇಸ್‌ನಲ್ಲಿ, ಅಂದರೆ ಕಂಪ್ಯೂಟರಲ್ಲಿ ಮಾಹಿತಿ ಜೋಡಿಸಿಡುವ ಕಡೆ, ಏನಾದರೂ ಬದಲಾಯಿಸುವ ಮುಂಚೆ ತಪ್ಪು ಎಲ್ಲಿದೆ ಅಂತ ನಾನು ಬರೆದ ಸಾಫ್ಟ್‌ವೇರ್ ಟೂಲ್ ಹಿಡಿದುಕೊಡುತ್ತೆ. ಅದರ ಕೋಡ್ ಎಲ್ಲರಿಗೂ ತೆರೆದೇ ಇದೆ, ಯಾರು ಬೇಕಾದರೂ ತಗೊಂಡು ಬಳಸಬಹುದು, ಬದಲಾಯಿಸಬಹುದು.

ಮೊದಲ ಎರಡು ವರ್ಷ ಬರೀ ದೇಣಿಗೆ. ತಿಂಗಳಿಗೆ 60 ಯೂರೋ ಬಂದರೆ ಹೆಚ್ಚು. ಆಮೇಲೆ ಒಂದು ಕಂಪನಿಯವರು, ಇದು ಕೆಟ್ಟರೆ ಯಾರನ್ನು ಕೇಳಬೇಕು, ಅದಕ್ಕೆ ಎಷ್ಟು ಕೊಡಬೇಕು ಅಂತ ಅವರೇ ಕೇಳಿದರು. ಆವತ್ತು ನನಗೆ ದಾರಿ ಕಾಣಿಸಿತು. ಒಂದು ದಿನದೊಳಗೆ ಉತ್ತರ, ಇಡೀ ತಂಡ ಒಟ್ಟಿಗೆ ನೋಡುವ ವರದಿ, ಸರ್ವರ್ ನಡೆಸುವ ತಲೆನೋವು ನನ್ನದು. ಇಷ್ಟಕ್ಕೆ ದುಡ್ಡು. ಶುರುವಿಗೆ ಒಂದು ಕಂಪನಿಗೆ ತಿಂಗಳಿಗೆ 9 ಯೂರೋ ಇಟ್ಟಿದ್ದೆ, ಅದು ತೀರಾ ಕಡಿಮೆ ಆಯ್ತು, ಈಗ 40. ಮಧ್ಯೆ ಒಂದು ಸಲ ಪುಕ್ಕಟೆ ಇದ್ದ ಒಂದು ಸೌಲಭ್ಯವನ್ನು ದುಡ್ಡಿನ ಕಡೆಗೆ ಸರಿಸಿದೆ. ಎಷ್ಟೋ ದಿನದಿಂದ ದುಡ್ಡು ತಗೊಳ್ಳದೆ ನನ್ನ ಕೋಡ್‌ನ ತಪ್ಪು ತಿದ್ದಿಕೊಟ್ಟವರಿಗೆ ಬಹಳ ಬೇಜಾರಾಯ್ತು. ಅವರ ಬೇಜಾರು ಸರಿಯಾಗೇ ಇತ್ತು. ವಾರದೊಳಗೆ ವಾಪಸ್ ಕೊಟ್ಟೆ, ಇನ್ನೊಮ್ಮೆ ಹಾಗೆ ಮಾಡಲ್ಲ.

ಹೀಗೆ ಬದುಕಿದವರು ಇದ್ದಾರೆ ಅಪ್ಪ. ಅಮೆರಿಕದ ಮೈಕ್ ಪೆರ್ಹಮ್ 2012ರಲ್ಲಿ ಸೈಡ್‌ಕಿಕ್ ಅಂತ ಒಂದು ಸಾಫ್ಟ್‌ವೇರ್ ಶುರು ಮಾಡಿದರು. ಮೂಲದ್ದು ಉಚಿತ, ಜಾಸ್ತಿ ಸೌಲಭ್ಯ ಬೇಕಾದವರು ದುಡ್ಡು ಕೊಡುತ್ತಾರೆ. ವರ್ಷಗಟ್ಟಲೆ ಒಬ್ಬರೇ ನಡೆಸಿದರು. ದೊಡ್ಡ ಉದಾಹರಣೆ ಬೇಕಾದರೆ ರೆಡ್ ಹ್ಯಾಟ್, ಕೋಡ್ ತೆರೆದಿಟ್ಟ ಸಾಫ್ಟ್‌ವೇರ್‌ನಿಂದಲೇ ಬೆಳೆದ ಕಂಪನಿ. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರ್ ಕೊಟ್ಟು ತಗೊಂಡಿತು. ನನಗೆ ಅಷ್ಟೆಲ್ಲ ಬೇಡ.

ಲೆಕ್ಕ ಬರೆಯುತ್ತೇನೆ, ಅಮ್ಮನಿಗೂ ಓದಿ ಹೇಳಿ. 90 ಕಂಪನಿ, ತಿಂಗಳಿಗೆ 3,600 ಯೂರೋ. ಸರ್ವರ್‌ಗೆ 150, ಆರೋಗ್ಯ ವಿಮೆಗೆ 650, ತೆರಿಗೆಗೆ ಅಂತ 800 ಬೇರೆ ಖಾತೆಯಲ್ಲಿ, ಬಾಡಿಗೆ 900. ಊಟ ತಿರುಗಾಟ ಕಳೆದು 500 ಉಳಿಯುತ್ತೆ. ಅದೂ ಅಲ್ಲದೆ ಎಂಟು ತಿಂಗಳ ಖರ್ಚು ಬ್ಯಾಂಕಲ್ಲಿದೆ. ಇಲ್ಲಿ ಖಾಯಂ ವಾಸದ ಪರವಾನಗಿ ಕೈಗೆ ಬಂದ ಮೇಲೇ ಕೆಲಸ ಬಿಟ್ಟಿದ್ದು. ಸಾಲ ಇಲ್ಲ. ಯಾರ ಹತ್ತಿರವೂ ಕೈ ಚಾಚಿಲ್ಲ. ಮದುವೆ ಮಾತಿಗೆ ಬಂದವರು ಕೇಳಿದರೆ ಸ್ವಂತ ಕಂಪನಿ ನಡೆಸುತ್ತಾಳೆ ಅಂತ ಧೈರ್ಯವಾಗಿ ಹೇಳಿ, ಸುಳ್ಳೇನಲ್ಲ.

ಚಳಿ ಈಗ ಕಡಿಮೆ. ಇಲ್ಲಿ ಭಾನುವಾರ ಅಂಗಡಿ ಎಲ್ಲ ಮುಚ್ಚಿರುತ್ತೆ, ಶನಿವಾರವೇ ಹಾಲು ತಂದಿಡಬೇಕು. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ ಖಾಲಿಯಾದ ಮೇಲೆ ಅಂಗಡಿಯ ಮಷೀನಿಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತೆ, ನೀವು ನೋಡಿದರೆ ಮೆಚ್ಚುತ್ತೀರಿ. ಕಾಫಿ ಮಾತ್ರ ನಮ್ಮ ತೋಟದ ಪುಡಿಯೇ, ಇನ್ನೂ ಅರ್ಧ ಡಬ್ಬಿ ಇದೆ. ಈ ತಿಂಗಳ ಕೊನೆ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಆಮೇಲೆ ನೀವು ರಾತ್ರಿ 8ಕ್ಕೆ ಫೋನ್ ಮಾಡಿದರೆ ನನಗೆ ಸಂಜೆ ನಾಲ್ಕೂವರೆ.

ನಿಜವಾಗಲೂ ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಮೆಣಸು ಮೂಟೆ ಕಟ್ಟಿ ಒಳಗಿಡಿ, ರೇಟ್ ನೋಡಿ ಮಾರೋಣ. ಅಂಚೆ ಡಬ್ಬ ತೆಗೆಯುವ ಹೊತ್ತಾಯ್ತು, ಓಡುತ್ತೇನೆ.

ನಿಮ್ಮ ಮಗಳು