ಮಸೂರ್ ಬೇಳೆ ಬೆಳೆಯೋ ಊರುಗಳ ಸುದ್ದೀನೂ ಹಾಕಿ

ಮಾನ್ಯ ಸಂಪಾದಕರೇ,

ಕೆನಡಾ ಅಂದ್ರೆ ನಮ್ಮ ಪೇಪರ್‌ಗಳಲ್ಲಿ ಬರೋದು ಟೊರಾಂಟೊ, ವ್ಯಾಂಕೂವರ್, ಇಲ್ಲಾಂದ್ರೆ ವೀಸಾ ಗಲಾಟೆ ಅಷ್ಟೇ. ಮಧ್ಯದಲ್ಲಿ ಸಸ್ಕಾಚೆವಾನ್ ಅಂತ ಒಂದು ಪ್ರಾಂತ್ಯ ಇದೆ ಸ್ವಾಮಿ, ನಾನಿರೋದು ಅಲ್ಲೇ, ಕೆನಡಾದ ಮಸೂರ್ ಬೇಳೇಲಿ ಬಹುಪಾಲು ಬೆಳೆಯೋದು ಇಲ್ಲೇ, ನಿಮ್ಮನೆ ಸಾರಿಗೂ ಎಷ್ಟೋ ಸಲ ಬಂದಿರುತ್ತೆ.

ಇಲ್ಲಿನ ಹಳ್ಳಿಗಳು ಹುಟ್ಟಿದ್ದೇ ರೈಲಿನಿಂದ. ರೈತ ಕುದುರೆಗಾಡೀಲಿ ಗೋಧಿ ಹಾಕಿ ಸಂಜೆಯೊಳಗೆ ಮನೆ ಸೇರ್ಬೇಕು ಅಂತ ಹೆಚ್ಚುಕಡಿಮೆ 13-16 ಕಿಲೋಮೀಟರಿಗೊಂದು ಸ್ಟೇಷನ್, ಪಕ್ಕದಲ್ಲಿ ಎಲಿವೇಟರ್ ಅನ್ನೋ ಎತ್ತರದ ಮರದ ಕಣಜ, ಅದರ ಮೇಲೆ ದಪ್ಪಕ್ಷರದಲ್ಲಿ ಊರ ಹೆಸರು. 1995ರಲ್ಲಿ ಧಾನ್ಯ ಸಾಗಾಟಕ್ಕಿದ್ದ ಸಬ್ಸಿಡಿ ನಿಲ್ಲಿಸಿದ್ರು, ಕಂಪನಿಗಳು ದೂರದೂರಕ್ಕೆ ದೊಡ್ಡ ಕಾಂಕ್ರೀಟ್ ಟರ್ಮಿನಲ್ ಕಟ್ಟಿದ್ವು, ಮರದವನ್ನ ಒಂದೊಂದಾಗಿ ಕೆಡವಿದ್ರು, ಎಷ್ಟೋ ಕಡೆ ಹಳೀನೂ ಕಿತ್ರು. ಪಕ್ಕದ ಪ್ರಾಂತ್ಯ ಮ್ಯಾನಿಟೋಬಾದ ಇಂಗ್ಲಿಸ್ ಅನ್ನೋ ಊರಲ್ಲಿ ಮಾತ್ರ ಐದನ್ನ ಸಾಲಾಗಿ ಸ್ಮಾರಕ ಅಂತ ಉಳಿಸ್ಕೊಂಡಿದಾರೆ, ಒಳ್ಳೇದಾಯ್ತು.

ನನಗೆ ಸಿಟ್ಟು ಬರೋದು ಬಸ್ ವಿಷಯಕ್ಕೆ. 1946ರಿಂದ ಓಡ್ತಿದ್ದ ಸರ್ಕಾರಿ ಬಸ್ಸನ್ನ 2017ರಲ್ಲಿ ನಷ್ಟ ಅಂತ ನಿಲ್ಲಿಸೇಬಿಟ್ರು, ಕಾರ್ ಓಡ್ಸೋಕಾಗದ ಅಜ್ಜ ಅಜ್ಜಿ ಮೈನಸ್ ಮೂವತ್ತು ಚಳೀಲಿ ಸಿಟಿ ಆಸ್ಪತ್ರೆಗೆ ಹೋಗೋದು ಹೇಗೆ, ಯಾರನ್ನಾದ್ರೂ ಡ್ರಾಪ್ ಕೇಳ್ಬೇಕು ಅಷ್ಟೇ. ಆದ್ರೂ ಜನ ಗಟ್ಟಿ, ನಾನು ನೋಡಿದ ಒಂದೂರಲ್ಲಿ ಜನ ನೂರು ದಾಟಲ್ಲ, ಕಾಫಿ ಅಂಗಡೀಲಿ ಓನರ್ ಇಲ್ದಿದ್ರೆ ತಾವೇ ಬಗ್ಗಿಸ್ಕೊಂಡು ಡಬ್ಬೀಲಿ ದುಡ್ಡು ಹಾಕಿ ಹೋಗ್ತಾರೆ.

ಇಂಡಿಯಾ ಬೇಳೆ ಮೇಲೆ ಸುಂಕ ಏರಿಸಿದ್ರೆ ಇಲ್ಲಿ ರೈತರಿಗೆ ನಿದ್ದೆ ಬರಲ್ಲ. ಮುಂದಿನ ಸಲ ಸುಂಕದ ಸುದ್ದಿ ಬರೆಯುವಾಗ ಇವರನ್ನೂ ಒಂದ್ಮಾತು ಕೇಳಿ ಬರೀರಿ.

- ಓದುಗ, ರಿಜೈನಾ