‘ಅವರಿಗೇನೂ ಗೊತ್ತಾಗಲ್ಲ ಬಿಡು’ ಅಂದಾಗ

ಪ್ರೀತಿಯ ಚೈತ್ರಾ,

ನಿನ್ನ ಮೆಸೇಜು ಓದಿದೆ. ವೆಂಟಿಲೇಟರ್ ಮೇಲಿದ್ದ ಪೇಷೆಂಟಿಗೆ ಸಕ್ಷನ್ ಮಾಡುವಾಗ (ಟ್ಯೂಬಿನೊಳಗಿನ ಕಫ ಹೀರಿ ತೆಗೆಯುವಾಗ) ಅವರು ಹುಬ್ಬು ಗಂಟಿಕ್ಕಿದರು, ನೀನು ಕೈ ತಡೆದೆ. ‘ಸೆಡೇಶನ್ (ನಿದ್ದೆಯ ಔಷಧಿ) ಓಡ್ತಿದೆ, ಅವರಿಗೇನೂ ಗೊತ್ತಾಗಲ್ಲ ಬಿಡು’ ಅಂದರು ನಿಮ್ಮ ಸೀನಿಯರ್. ಅದು ನಿಜಾನಾ ಅಂತ ಕೇಳಿದ್ದೀಯ. ಐಸಿಯುಗೆ ಹೊಸದಾಗಿ ಬಂದವರು ಇದನ್ನು ಕೇಳಲೇಬೇಕು. ಹಳಬರಾದ ಮೇಲೆ ಯಾರೂ ಕೇಳುವುದಿಲ್ಲ.

ಕಣ್ಣುಮುಚ್ಚಿ ನಿಜ ಅನ್ನೋಕಾಗಲ್ಲ. ಮೊದಲು ಪಂಪಿನಲ್ಲಿ ಓಡುತ್ತಿರುವುದು ಯಾವ ಔಷಧಿ ಅಂತ ನೋಡು. ಮಿಡಾಜೋಲಾಮ್, ಪ್ರೊಪೊಫಾಲ್ ಇವೆರಡೂ ನಿದ್ದೆ ತರಿಸುತ್ತವೆ. ನೋವಿನ ಔಷಧಿಗಳಲ್ಲ. ನೋವಿಗೆ ಬೇಕಾದದ್ದು ಫೆಂಟನಿಲ್, ಮಾರ್ಫಿನ್‌ನಂಥವು. (ಡೆಕ್ಸ್‌ಮೆಡಿಟೊಮಿಡಿನ್ ಎರಡೂ ಕೆಲಸವನ್ನು ಸ್ವಲ್ಪ ಸ್ವಲ್ಪ ಮಾಡುತ್ತದೆ, ಅದರ ಮಾತು ಬೇರೆ.) ಪೇಷೆಂಟ್ ಸುಮ್ನೆ ಮಲಗಿದ್ದಾರೆ ಅಂದಮಾತ್ರಕ್ಕೆ ನೋವಿಗೂ ವ್ಯವಸ್ಥೆ ಆಗಿದೆ ಅಂದುಕೊಳ್ಳಬೇಡ. ಡ್ಯೂಟಿ ಬದಲಾದಾಗ ಹ್ಯಾಂಡೋವರ್ ತಗೊಳ್ಳುವಾಗ ‘ಸೆಡೇಶನ್ ಎಷ್ಟು’ ಅಂತ ಕೇಳಿ ಬಿಡಬೇಡ. ‘ನೋವಿಗೆ ಏನು ಹೋಗ್ತಿದೆ’ ಅಂತಲೂ ಕೇಳು.

ಮಿಡಾಜೋಲಾಮ್‌ಗೆ ಇನ್ನೊಂದು ಗುಣ ಇದೆ, ಮರೆಸುವುದು. ಎಚ್ಚರವಾದವರು ‘ಏನೂ ನೆನಪಿಲ್ಲ ಸಿಸ್ಟರ್’ ಅಂದರೆ ನಮಗೆಲ್ಲ ನೆಮ್ಮದಿ. ಆದರೆ ನೆನಪಿಲ್ಲ ಅಂದರೆ ಆ ಹೊತ್ತಿನಲ್ಲಿ ನೋವೇ ಆಗಿರಲಿಲ್ಲ ಅಂತಲ್ಲ, ಅಲ್ವಾ?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಬ್ರಿಟನ್ನಿನ ಅರಿವಳಿಕೆ ಡಾಕ್ಟರು ಟನ್‌ಸ್ಟಾಲ್ 1977ರಲ್ಲಿ ಒಂದು ಉಪಾಯ ಬರೆದರು. ಸ್ನಾಯುಗಳನ್ನು ಸಡಿಲ ಮಾಡುವ ಔಷಧಿ ಕೊಡುವ ಮುಂಚೆ ಒಂದು ತೋಳಿಗೆ ಬಿಪಿ ನೋಡುವ ಪಟ್ಟಿ ಬಿಗಿಯುವುದು. ಔಷಧಿ ಆ ಕೈಗೆ ಇಳಿಯುವುದಿಲ್ಲ, ಮೈಯೆಲ್ಲ ಅಲ್ಲಾಡದಿದ್ದರೂ ಆ ಕೈ ಅಲ್ಲಾಡಬಲ್ಲದು. ಆಮೇಲೆ ‘ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ’ ಅನ್ನುವುದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಪರೇಷನ್‌ಗೆ ಅರಿವಳಿಕೆ ಕೊಟ್ಟ 260 ಜನರಿಗೆ ಉಸಿರಾಟದ ಟ್ಯೂಬ್ ಹಾಕಿದ ಮೇಲೆ ಹೀಗೆ ಕೇಳಿದರು. 12 ಜನ ಹಿಸುಕಿದರು. ನೋವಾಗುತ್ತಿದ್ದರೆ ಇನ್ನೊಂದು ಸಲ ಹಿಸುಕಿ ಅಂದದ್ದಕ್ಕೆ ಅವರಲ್ಲಿ 5 ಜನ ಮತ್ತೆ ಹಿಸುಕಿದರು. ಇದರ ಪಕ್ಕದಲ್ಲಿ 2014ರ ಬ್ರಿಟನ್-ಐರ್ಲೆಂಡ್ ವರದಿ ಇಟ್ಟು ನೋಡು. ಆಪರೇಷನ್ ನಡುವೆ ಎಚ್ಚರವಾಗಿತ್ತು ಅಂತ ಆಮೇಲೆ ತಾವಾಗಿ ಹೇಳಿದವರು ಸುಮಾರು 19,000ಕ್ಕೆ ಒಬ್ಬರು. ಎರಡು ಲೆಕ್ಕಗಳೂ ಒಂದೇ ತರಹದವಲ್ಲ, ಒಪ್ಪುತ್ತೇನೆ. ಆದರೂ ಇಷ್ಟೊಂದು ಅಂತರಕ್ಕೆ ಮರೆವೂ ಒಂದು ದೊಡ್ಡ ಕಾರಣ.

ಇದು ಆಪರೇಷನ್ ಥಿಯೇಟರಿನ ಮಾತು. ಐಸಿಯುನಲ್ಲಿ ಸಾಮಾನ್ಯವಾಗಿ ಅಷ್ಟು ಆಳದ ನಿದ್ದೆ ಇರುವುದೇ ಇಲ್ಲ.

ಹಾಗಂತ ಪ್ರತಿ ಬೆಡ್ಡಿನಲ್ಲೂ ಒಬ್ಬರು ಒಳಗೊಳಗೇ ಕಿರುಚುತ್ತಿದ್ದಾರೆ ಅಂತ ಕಲ್ಪಿಸಿಕೊಂಡು ನಿದ್ದೆಗೆಡಬೇಡ. ಹುಬ್ಬು ಗಂಟಾಗುವುದು, ಕೆಮ್ಮುವುದು, ಕೈ ಸರಕ್ಕನೆ ಎಳೆದುಕೊಳ್ಳುವುದು, ಇವೆಲ್ಲ ಪ್ರಜ್ಞೆ ಇಲ್ಲದೆಯೂ ಆಗಬಹುದು. ಔಷಧಿ ಸರಿಯಾಗಿ ಹೋಗುತ್ತಿದ್ದರೆ ಬಹುಪಾಲು ಜನ ಆರಾಮಾಗಿಯೇ ಇರುತ್ತಾರೆ. ಯಾರಿಗೆ ಏನು ಅನ್ನುವುದು ಬೆಡ್ ಪಕ್ಕ ನಿಂತ ನಮಗೆ ಖಚಿತವಾಗಿ ಗೊತ್ತಾಗುವುದಿಲ್ಲ, ಅಷ್ಟೇ. ಗೊತ್ತಾಗದಿದ್ದಾಗ ನೋವಿದೆ ಅಂತಲೇ ಹಿಡಿಯಬೇಕು. ಇದು ನನ್ನ ಹಟ ಅಂದುಕೋ ಬೇಕಾದರೆ.

ನನಗೆ ಜಾಸ್ತಿ ಭಯ ಇರುವುದು ಹುಬ್ಬು ಗಂಟಿಕ್ಕಲೂ ಆಗದವರ ಬಗ್ಗೆ. ಸ್ನಾಯುಗಳನ್ನು ಸಡಿಲ ಮಾಡುವ ವೆಕ್ಯುರೋನಿಯಮ್, ಅಟ್ರಾಕ್ಯುರಿಯಮ್ ಓಡುತ್ತಿದ್ದರೆ ಮುಖದ ಸ್ನಾಯು ಕೂಡ ಅಲ್ಲಾಡುವುದಿಲ್ಲ. ಆ ಔಷಧಿಗಳು ನಿದ್ದೆಯನ್ನೂ ಕೊಡುವುದಿಲ್ಲ, ನೋವನ್ನೂ ತೆಗೆಯುವುದಿಲ್ಲ. ಅವು ಓಡುತ್ತಿರುವಾಗ ‘ಪೇಷೆಂಟ್ ಶಾಂತವಾಗಿದ್ದಾರೆ’ ಅಂತ ಯಾರಾದರೂ ಫೆಂಟನಿಲ್ ಕಡಿಮೆ ಮಾಡಲು ಹೊರಟರೆ ಡಾಕ್ಟರನ್ನು ಕರೆ. ಅಂಥ ಪೇಷೆಂಟಿನ ನಿದ್ದೆಯ ಔಷಧಿಯ ಸಿರಿಂಜು ಖಾಲಿಯಾಗುವವರೆಗೂ ಕಾಯಬೇಡ, ಮುಂಚೆಯೇ ಇನ್ನೊಂದು ತುಂಬಿಸಿ ಇಟ್ಟುಕೋ.

ಉಳಿದವರಿಗೆ ಸಿಪಿಒಟಿ ಸ್ಕೋರ್ ಹಾಕು, ಅಂದರೆ ಮಾತಾಡಲಾಗದ ಪೇಷೆಂಟಿನ ನೋವನ್ನು ಲಕ್ಷಣ ನೋಡಿ ಅಳೆಯುವ ಅಂಕ. ಮುಖ, ಮೈಯ ಚಲನೆ, ಸ್ನಾಯುಗಳ ಬಿಗಿತ, ವೆಂಟಿಲೇಟರ್ ಜೊತೆ ಹೊಂದಾಣಿಕೆ, ಒಂದೊಂದಕ್ಕೂ 0ಯಿಂದ 2. ಒಟ್ಟು 3 ದಾಟಿದರೂ ಸರಿ, 3 ಆದರೂ ಸರಿ, ನೋವಿದೆ ಅಂತ ತಿಳಿ. ಪಲ್ಸ್, ಬಿಪಿ ಮಾತ್ರ ನೋಡಿ ತೀರ್ಮಾನ ಮಾಡಬೇಡ, ಅವು ಏರದೆಯೂ ನೋವಿರುತ್ತದೆ. ಮಗ್ಗುಲು ಬದಲಿಸುವುದು, ಡ್ರೆಸಿಂಗ್, ದ್ರವ ಹರಿಯಲು ಇಟ್ಟ ಡ್ರೈನ್ ನಳಿಕೆ ತೆಗೆಯುವುದು, ಇವಕ್ಕೆಲ್ಲ ಮೊದಲೇ ಡಾಕ್ಟರನ್ನು ಕೇಳಿ ನೋವಿನ ಡೋಸ್ ಕೊಡು. ಫೆಂಟನಿಲ್ ಕೆಲವೇ ನಿಮಿಷದಲ್ಲಿ ಹಿಡಿಯುತ್ತದೆ. ಮುಟ್ಟುವ ಮುಂಚೆ ಹೆಸರು ಹಿಡಿದು ಕರೆದು ಏನು ಮಾಡುತ್ತೀಯ ಅಂತ ಹೇಳು. ನಗುವವರು ನಗಲಿ.

ನಿದ್ದೆಯ ಔಷಧಿ ಏರಿಸಿ ಎಲ್ಲವನ್ನೂ ಮುಗಿಸುವ ಚಾಳಿಯೂ ಬೇಡ. ಜಾಸ್ತಿ ಆಳಕ್ಕೆ ಹೋದಷ್ಟೂ ವೆಂಟಿಲೇಟರ್ ಬಿಡಿಸುವುದು ತಡವಾಗುತ್ತದೆ, ಎದ್ದ ಮೇಲೆ ಗೊಂದಲ, ಭ್ರಮೆ ಹೆಚ್ಚು.

ಸೀನಿಯರ್ ಜೊತೆ ವಾದಕ್ಕಿಳಿಯಬೇಡ. ಚಾರ್ಟಿನಲ್ಲಿ ‘ಸಕ್ಷನ್ ವೇಳೆ ಸಿಪಿಒಟಿ 5’ ಅಂತ ಬರೆದು ರೌಂಡ್ಸ್‌ನಲ್ಲಿ ಓದಿ ಹೇಳು. ಬರೆದದ್ದನ್ನು ‘ಬಿಡು’ ಅನ್ನುವುದು ಕಷ್ಟ.

ಮನೆಯವರು ‘ಅವರಿಗೆ ನೋವಾಗ್ತಿದೆಯಾ’ ಅಂತ ಕೇಳುತ್ತಾರೆ, ಕೇಳದೇ ಇರುವುದಿಲ್ಲ. ‘ಏನೂ ಗೊತ್ತಾಗಲ್ಲ’ ಅನ್ನಬೇಡ. ‘ನೋವಿಗೆ ಔಷಧಿ ಹೋಗ್ತಿದೆ, ಆಗಾಗ ನೋಡ್ತಾ ಇದ್ದೀವಿ’ ಅನ್ನು. ಹೋಗುತ್ತಿಲ್ಲದಿದ್ದರೆ ಅವರಿಗೆ ಉತ್ತರ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡು.

ರಜಾ ಸಿಕ್ಕಾಗ ಬಾ. ಖಾಲಿ ಸ್ಕೋರ್ ಶೀಟು ಒಂದೆರಡು ತಗೊಂಡು ಬಾ, ತುಂಬುವುದು ಹೇಗೆ ಅಂತ ಕೂತು ತೋರಿಸುತ್ತೇನೆ.

ನಿನ್ನ ಅತ್ತೆ