ನನ್ನ ಬಿ.ಎ. ಮುಗಿಯಿತು, ಅಕ್ಕ

ಹೋದ ವಾರ ಪದವಿ ಪ್ರಮಾಣಪತ್ರ ಕೈಸೇರಿತು. ಬಿ.ಎ., ಇತಿಹಾಸ, ದ್ವಿತೀಯ ದರ್ಜೆ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಒಬ್ಬೊಬ್ಬರಿಗೇ ಉತ್ತರ ಬರೆಯೋಣ ಅಂತ ಕೂತೆ, ಮುಗಿಯಲಿಲ್ಲ. ಎಲ್ಲರಿಗೂ ಒಂದೇ ಮಾತು ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಜೈಲಿನೊಳಗೆ ಯಾಕಿದ್ದೆ, ಎಷ್ಟು ಕಾಲ ಇದ್ದೆ ಅನ್ನುವುದು ಬಲ್ಲವರಿಗೆ ಗೊತ್ತು. ನನ್ನಿಂದ ನೊಂದ ಮನೆಯೊಂದಿದೆ. ನನಗೆ ಡಿಗ್ರಿ ಬಂತು ಅಂತ ಆ ಮನೆಗೆ ಏನೂ ಮರಳಿ ಬರುವುದಿಲ್ಲ. ಅದನ್ನು ಮರೆತು ಈ ಸಂತೋಷ ಹಂಚಿಕೊಳ್ಳುತ್ತಿಲ್ಲ.

ಸೂಪರಿಂಟೆಂಡೆಂಟ್ ಸಾಹೇಬರಿಗೆ, ಶಿಕ್ಷಣ ವಿಭಾಗದ ಸಿಬ್ಬಂದಿಗೆ, ಪುಸ್ತಕದ ಪಾರ್ಸಲ್ ಬಂದ ದಿನವೇ ತಪಾಸಣೆ ಮುಗಿಸಿ ಒಳಗೆ ಕಳಿಸುತ್ತಿದ್ದ ಗೇಟಿನ ವಾರ್ಡರ್‌ಗಳಿಗೆ, ಭಾನುವಾರ ತಮ್ಮ ಮನೆಯ ಕೆಲಸ ಬಿಟ್ಟು ಪಾಠ ಹೇಳಲು ಬರುತ್ತಿದ್ದ ಮೇಷ್ಟ್ರು, ಮೇಡಂಗಳಿಗೆ, ನನ್ನ ಜೊತೆ ಓದಿದ ಮತ್ತು ಈಗಲೂ ಓದುತ್ತಿರುವ ಬ್ಯಾರಕ್ಕಿನ ಗೆಳೆಯರಿಗೆ ನನ್ನ ನಮಸ್ಕಾರ. ಕೆಲಸದ ವಿಚಾರದಲ್ಲಿ ನೆರವಾದ ಇಬ್ಬರು ವಕೀಲರಿಗೂ.

ಇನ್ನು ಜೈಲಿಗೆ ಬಂದು ಪಾಠ ಹೇಳುವ ನಮ್ಮ ಓದಿನ ತಂಡದ ಸಂಚಾಲಕಿ ಅಕ್ಕನ ವಿಷಯ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಬರೆಯಲೇಬೇಡ ಅಂದರು ನೋಡಿ, ಆ ಒಂದು ಮಾತನ್ನು ಮಾತ್ರ ನಡೆಸಿಕೊಡಲಾರೆ.

ಜೈಲಿನಲ್ಲಿ ಕೂತು ಡಿಗ್ರಿ ಮಾಡಬಹುದು ಅನ್ನುವುದು ಹೊಸ ಸಂಗತಿಯೇನಲ್ಲ. ದೂರ ಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಶುರುವಾದದ್ದು 1985ರಲ್ಲಿ. ತಿಹಾರ್ ಜೈಲಿನಲ್ಲಿ ಅದರ ಅಧ್ಯಯನ ಕೇಂದ್ರ 1994ರಲ್ಲೇ ತೆರೆಯಿತು. ಬಂದಿಗಳಿಗೆ ಶುಲ್ಕ ವಿನಾಯಿತಿಯೂ ಇದೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 104ನೆಯದು, ಬಂದಿಗಳ ಶಿಕ್ಷಣವನ್ನು ಆಯಾ ದೇಶದ ಶಿಕ್ಷಣ ವ್ಯವಸ್ಥೆಯ ಜೊತೆಗೇ ಜೋಡಿಸಬೇಕು, ಬಿಡುಗಡೆಯಾದ ಮೇಲೂ ಓದು ಮುಂದುವರಿಯುವಂತಿರಬೇಕು ಅನ್ನುತ್ತದೆ. ಇವೆಲ್ಲ ಇದ್ದರೂ, ನಾನು ಒಳಗೆ ಕಂಡ ಮಟ್ಟಿಗೆ, ಓದಬೇಕು ಅಂತ ಹೆಸರು ಬರೆಸಿದವರಲ್ಲಿ ಬಹಳ ಜನ ಪರೀಕ್ಷೆಯವರೆಗೆ ಬರುವುದೇ ಇಲ್ಲ. ಬುದ್ಧಿ ಸಾಲದೆ ಅಲ್ಲ. ಕಾಗದಪತ್ರ ಸಾಲದೆ.

ನನ್ನದನ್ನೇ ಹೇಳುತ್ತೇನೆ. ಜೈಲಿನ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಪೂರ್ತಿ ಹೆಸರಿತ್ತು. ಪಿಯುಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಒಂದೇ. ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ಬೇಕು, ಅದಕ್ಕೆ ದೃಢೀಕರಣ ಬೇಕು. ಅರ್ಜಿ ಹಾಕುವುದು ಆನ್‌ಲೈನಿನಲ್ಲಿ, ಅಲ್ಲಿ ಮೊಬೈಲ್ ನಂಬರ್ ಕೊಡದೆ ಮುಂದಿನ ಪುಟ ತೆರೆಯುವುದಿಲ್ಲ. ಮೊಬೈಲ್ ಇಟ್ಟುಕೊಂಡರೆ ಜೈಲಿನಲ್ಲಿ ಕೇಸಾಗುತ್ತದೆ! ಅಕ್ಕ ತಮ್ಮ ನಂಬರ್ ಕೊಟ್ಟರು. ಒಂದು ನಂಬರಿಗೆ ಒಬ್ಬನೇ ವಿದ್ಯಾರ್ಥಿ ಅಂದಾಗ ಗಂಡನದು, ತಮ್ಮನದು, ಕೊನೆಗೆ ಅತ್ತೆಯವರದೂ ಕೊಟ್ಟರು. ನನ್ನ ಓಟಿಪಿ ಬರುತ್ತಿದ್ದದ್ದು ಆ ಹಿರಿಯರ ಫೋನಿಗೆ. ಪರೀಕ್ಷಾ ಅರ್ಜಿಯ ಕೊನೆಯ ದಿನ ಆ ಅಜ್ಜಿ ಫೋನು ಕೈಯಲ್ಲೇ ಹಿಡಿದು ಕೂರುತ್ತಿದ್ದರಂತೆ, ಹುಡುಗರ ನಂಬರ್ ಬರುತ್ತೆ ಅಂತ. ಅವರನ್ನು ನಾನಿನ್ನೂ ನೋಡಿಲ್ಲ. ಅಮ್ಮಾ, ನಿಮಗೆ ನನ್ನ ಪ್ರಣಾಮ.

ಪಾಠ ಹೇಳಲು ತಂಡಕ್ಕೆ ಸೇರುವವರಿಗೆ ಅಕ್ಕ ಇಟ್ಟಿದ್ದ ಷರತ್ತು ಎರಡೇ. ಹಿಡಿದ ವಿಷಯವನ್ನು ಪರೀಕ್ಷೆವರೆಗೆ ಬಿಡಬಾರದು. ಯಾರನ್ನೂ ಏನು ಮಾಡಿ ಬಂದೆ ಅಂತ ಕೇಳಬಾರದು. ಒಂದು ದಿನ ಬಂದು ಒಳ್ಳೆಯ ಮಾತು ಹೇಳಿ ಹೋಗುವವರ ಬಗ್ಗೆ ನನಗೆ ಗೌರವವಿದೆ, ಅವರ ಭಾಷಣ ಕೇಳಿ ಕಣ್ಣೀರು ಹಾಕಿದವರನ್ನೂ ನೋಡಿದ್ದೇನೆ. ಆದರೆ ಒಳಗಿರುವವನಿಗೆ ಮುಂದಿನ ವಾರವೂ ಅದೇ ಮನುಷ್ಯ ಬರುತ್ತಾರೆ ಅನ್ನುವುದು ದೊಡ್ಡದು. ನಾವೆಲ್ಲ ಬಿಟ್ಟುಹೋದವರನ್ನೇ ಕಂಡವರು, ಬಿಟ್ಟು ಬಂದವರು ಕೂಡ.

ಅಂಕಪಟ್ಟಿ ನಮ್ಮ ಮನೆಯಲ್ಲಿತ್ತು. ಅದನ್ನು ತರಲು ಅಕ್ಕನೇ ಹೋದರು. ಅಮ್ಮ ಬಾಗಿಲು ತೆಗೆಯಲಿಲ್ಲ. ನಾನು ಒಳಗೆ ಹೋದ ಮೇಲೆ ಮನೆಗೆ ಬಂದವರೆಲ್ಲ ಒಂದೋ ಪೊಲೀಸಿನವರು, ಇಲ್ಲ ಪತ್ರಿಕೆಯವರು, ಇಲ್ಲವೇ ಬೈಯಲು ಬಂದವರು. ಈಕೆ ಯಾರೋ ಏನೋ ಅಂತ ಅಮ್ಮ ಹೆದರಿದಳು. ಅಕ್ಕ ಕಿಟಕಿಯಲ್ಲಿ ಒಂದು ಚೀಟಿ ಇಟ್ಟು ವಾಪಸಾದರು. ಮತ್ತೆ ಹೋದರು. ಎಷ್ಟು ಸಲ ಅಂತ ಅವರೂ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಕೊನೆಗೆ ಬಾಗಿಲು ತೆರೆದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಅವನು ಓದ್ತೀನಿ ಅಂದ್ನಾ?" ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತನ್ನ ಸೀರೆಗಳ ಅಡಿಗೆ ಇಟ್ಟು ಕಾಪಾಡಿದ್ದಳು.

ಆಮೇಲೆ ಅಕ್ಕ ಆ ಮನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ನನ್ನ ಅಂಕಗಳನ್ನು ಹೋಗಿ ಹೇಳುತ್ತಿದ್ದರು. ಕಡಿಮೆ ಬಂದಿದ್ದರೆ ಕಡಿಮೆ ಅಂತಲೇ ಹೇಳುತ್ತಿದ್ದರು.

ಎರಡನೇ ವರ್ಷದ ಜೂನ್ ಪರೀಕ್ಷೆಯ ಹೊತ್ತಿಗೆ ಅಮ್ಮ ಆಸ್ಪತ್ರೆ ಸೇರಿದಳು. ಕಾಯಿಲೆಯ ವಿವರ ಬೇಡ, ಗೊತ್ತಿರುವವರಿಗೆ ಗೊತ್ತು. ಅಮ್ಮನ ಫೋನಿನಲ್ಲಿ ಕೊನೆಗೆ ಮಾತಾಡಿದ ನಂಬರ್ ಅಕ್ಕನದು, ಹಾಗಾಗಿ ಆಸ್ಪತ್ರೆಯವರು ಅವರಿಗೇ ಫೋನ್ ಮಾಡಿದರು. ತಂಗಿ ದೂರದಲ್ಲಿದ್ದಳು, ಬಸ್ಸು ಹತ್ತಿ ಬರಲು ರಾತ್ರಿಯೆಲ್ಲ ಬೇಕಿತ್ತು. ಅಕ್ಕ ವೈದ್ಯರ ಪತ್ರ ಬರೆಸಿ, ತುರ್ತು ರಜೆಗೆ ಅರ್ಜಿ ಜೈಲಿಗೆ ಮುಟ್ಟಿಸುವಷ್ಟರಲ್ಲಿ ಸಂಜೆಯ ಲಾಕಪ್ ಆಗಿತ್ತು. ಒಮ್ಮೆ ಬೀಗ ಬಿದ್ದರೆ ಆದೇಶವಿಲ್ಲದೆ ತೆಗೆಯುವಂತಿಲ್ಲ, ಆದೇಶಕ್ಕೆ ಪೊಲೀಸ್ ಬೆಂಗಾವಲು ಗೊತ್ತಾಗಬೇಕು. ಅದು ಯಾರೊಬ್ಬರ ತಪ್ಪೂ ಅಲ್ಲ. ನನಗೆ ವಿಷಯ ತಿಳಿದದ್ದೇ ಬೆಳಗ್ಗೆ, ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ರಾತ್ರಿ ಅಮ್ಮನ ಹತ್ತಿರ ಇದ್ದವರು ಅಕ್ಕ. ನಾನಿರಬೇಕಾದ ಜಾಗದಲ್ಲಿ.

ಎರಡು ದಿನ ಬಿಟ್ಟು ಸಂದರ್ಶನದ ಕೊಠಡಿಗೆ ಬಂದರು. ಸಮಾಧಾನದ ಮಾತು ಏನೂ ಆಡಲಿಲ್ಲ. ಒಂದು ಹಾಳೆ ಕೊಟ್ಟರು. ನಾವು ಅಸೈನ್‌ಮೆಂಟ್ ಬರೆಯಲು ಬಳಸುವ ಗೆರೆ ಹಾಳೆ, ಎರಡೂ ಬದಿ ತುಂಬಿತ್ತು. ಆ ರಾತ್ರಿಯನ್ನು ಗಂಟೆಗಂಟೆಗೆ ಬರೆದಿಟ್ಟಿದ್ದರು. ಅದು ಈಗಲೂ ನನ್ನ ಹತ್ತಿರ ಇದೆ, ಕೆಲವು ಸಾಲು ಇಲ್ಲಿ ಬರೆಯುತ್ತೇನೆ.

"9.40. ಎಚ್ಚರವಾಗಿದ್ದಾರೆ. ಬಾಯಿ ಒಣಗುತ್ತೆ ಅಂದರು. ಹತ್ತಿ ನೀರಲ್ಲಿ ಅದ್ದಿ ತುಟಿಗೆ ಹಚ್ಚಿದೆ."

"11.15. ನಿನ್ನನ್ನು ಕೇಳಿದರು. ಓದ್ತಾ ಇದ್ದಾನೆ, ಪರೀಕ್ಷೆ ಇದೆ ಅಂದೆ. ಇಷ್ಟು ಹೊತ್ತಲ್ಲಾ, ಅಲ್ಲಿ ಲೈಟ್ ಇರುತ್ತಾ ಅಂದರು. ಇರುತ್ತೆ, ರಾತ್ರಿಯೆಲ್ಲ ಇರುತ್ತೆ ಅಂದೆ. ಹಾಗಾದ್ರೆ ಸರಿ ಅಂದರು."

"1.30. ನಿದ್ದೆ. ನನ್ನ ಬಲಗೈ ಹಿಡ್ಕೊಂಡಿದ್ದಾರೆ, ಬಿಡಿಸಿಕೊಳ್ಳಲಿಲ್ಲ. ಎಡಗೈಲಿ ಬರೀತಿದ್ದೀನಿ."

ಅಲ್ಲಿಂದ ಮುಂದೆ ಅಕ್ಷರ ಸೊಟ್ಟಗಾಗಿದೆ. ಒಂದೊಂದು ಪದ ಗೆರೆ ದಾಟಿ ಕೆಳಗಿಳಿದಿದೆ. ಕೊನೆಯ ಎರಡು ಸಾಲು ಇಲ್ಲಿ ಬರೆಯಲಾರೆ.

ಬ್ಯಾರಕ್ಕಿನಲ್ಲಿ ರಾತ್ರಿ ದೀಪ ಆರಿಸುವುದಿಲ್ಲ, ಅಕ್ಕ ಹೇಳಿದ್ದು ನಿಜ. ಆದರೆ ಆ ಹೊತ್ತಿಗೆ ನಾನು ಟವೆಲ್ ಮುಖದ ಮೇಲೆ ಹೊದ್ದು ಮಲಗಿದ್ದೆ. ಅಮ್ಮ ನಾನು ಓದುತ್ತಿದ್ದೇನೆ ಅಂದುಕೊಂಡೇ ಹೋದಳು. ಇದನ್ನು ಎಷ್ಟೋ ಕಾಲ ಯಾರಿಗೂ ಹೇಳಲಿಲ್ಲ. ಆ ಹಾಳೆಯನ್ನು ಓದಿದಾಗೆಲ್ಲ ನಿದ್ದೆ ಮಾಡಿದ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಈಗ ಹಾಗಿಲ್ಲ. ಅಮ್ಮನ ಕೊನೆಯ ರಾತ್ರಿಯಲ್ಲಿ ನಾನು ಯಾವ ರೂಪದಲ್ಲಿದ್ದೆ ಅಂತ ಕೇಳಿದರೆ, ಓದುವ ಮಗನ ರೂಪದಲ್ಲಿದ್ದೆ. ಹಾಗೆ ಇರುವಂತೆ ಮಾಡಿದವರು ಅಕ್ಕ. ಸಂದರ್ಶನದ ಕೊಠಡಿಯಲ್ಲಿ ಕೈಮುಗಿಯಲೂ ತೋಚಲಿಲ್ಲ ನನಗೆ. ಅಕ್ಕ, ಈಗ ಕೈಮುಗಿಯುತ್ತಿದ್ದೇನೆ.

ಆ ಜೂನಿನ ಪರೀಕ್ಷೆ ನಾನು ಬರೆಯಲಿಲ್ಲ. ಬರೆದಿದ್ದರೆ ಈ ಕಥೆ ಕೇಳಲು ಚೆನ್ನಾಗಿರುತ್ತಿತ್ತೇನೋ, ಆದರೆ ಬರೆಯಲಿಲ್ಲ. ಅಮ್ಮನಿಗೋಸ್ಕರ ಬರಿ ಅಂತ ಹೇಳಿದವರು ಹಲವರು. ಅಕ್ಕ ಹೇಳಲಿಲ್ಲ. "ಡಿಸೆಂಬರಲ್ಲಿ ಮತ್ತೆ ಇದೆ, ಫಾರಂ ನಾನು ಹಾಕ್ತೀನಿ" ಅಂದರು, ಅಷ್ಟೇ. ಡಿಸೆಂಬರಿಗೂ ಆಗಲಿಲ್ಲ. ಮರುವರ್ಷದ ಜೂನಿಗೆ ಫಾರಂ ಮತ್ತೆ ಹಾಕಿದ್ದರು. ನನ್ನನ್ನು ಕೇಳಿಯೂ ಇರಲಿಲ್ಲ.

ನಡುವಿನ ಆ ಖಾಲಿ ಕಾಲದಲ್ಲಿ ನನ್ನನ್ನು ಲೈಬ್ರರಿಗೆ ಎಳೆದು ಕೂರಿಸಿದವರು ಇತಿಹಾಸದ ಮೇಷ್ಟ್ರು, ನಿವೃತ್ತ ಉಪನ್ಯಾಸಕರು, ತಂಡದ ಹಿರಿಯರು. ಮಂಡೇಲಾ ಅವರ ಓದು ಎಷ್ಟು ಸಲ ಕಡಿದುಹೋಯಿತು ಗೊತ್ತಾ ಅಂತ ಒಂದು ದಿನ ಕೇಳಿದರು. ರಾಬೆನ್ ದ್ವೀಪದ ಜೈಲಿನಲ್ಲಿ ಅವರು ಗುಟ್ಟಾಗಿ ಬರೆದು ಹೂತಿಟ್ಟಿದ್ದ ಆತ್ಮಕಥೆಯ ಹಾಳೆಗಳು 1977ರಲ್ಲಿ ಸಿಕ್ಕಿಬಿದ್ದವು. ಅದಕ್ಕೆ ಶಿಕ್ಷೆಯಾಗಿ ನಾಲ್ಕು ವರ್ಷ ಓದುವ ಸವಲತ್ತು ಕಿತ್ತುಕೊಂಡರು. ಅವರಿಗೆ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದ ದೂರ ಶಿಕ್ಷಣದಲ್ಲಿ ಎಲ್‌ಎಲ್‌ಬಿ ಸಿಕ್ಕಿದ್ದು 1989ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಿಡುಗಡೆಗೆ ಮುಂಚಿನ ವರ್ಷ. ಮೇಷ್ಟ್ರು ಇದನ್ನು ಹೇಳಿ ಪುಸ್ತಕ ಮುಚ್ಚಿ ಎದ್ದು ಹೋದರು. ನನಗೆ ನಾನು ಮಂಡೇಲಾ ಅಲ್ಲ ಅಂತ ಗೊತ್ತು. ಬಿಟ್ಟ ಓದನ್ನು ಮತ್ತೆ ಹಿಡಿಯಬಹುದು ಅನ್ನುವಷ್ಟು ಸಾಕಿತ್ತು.

ಅದೇ ಮೇಷ್ಟ್ರು ಅಮೆರಿಕದ ಸಂಗತಿಯನ್ನೂ ಹೇಳಿದ್ದರು. ಅಲ್ಲಿ ಬಂದಿಗಳಿಗೆ ಕಾಲೇಜು ಓದಲು ಸಿಗುತ್ತಿದ್ದ ಪೆಲ್ ಗ್ರಾಂಟ್ ಎಂಬ ಸರ್ಕಾರಿ ನೆರವನ್ನು 1994ರ ಕಾನೂನು ನಿಲ್ಲಿಸಿತು. ಜೈಲುಗಳಲ್ಲಿದ್ದ ಕಾಲೇಜು ತರಗತಿಗಳು ಬಹುಪಾಲು ಮುಚ್ಚಿಹೋದವು. ಅಂಥ ಹೊತ್ತಲ್ಲೇ, 1996ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಸಂಬಳವಿಲ್ಲದೆ ಪಾಠ ಹೇಳುವ ಅಧ್ಯಾಪಕರನ್ನು ನೆಚ್ಚಿಕೊಂಡು ತರಗತಿ ಶುರುವಾಯಿತು. ಅದೇ ಬೆಳೆದು ಮೌಂಟ್ ಟಮಾಲ್ಪೈಸ್ ಕಾಲೇಜ್ ಆಗಿ 2022ರಲ್ಲಿ ಮಾನ್ಯತೆ ಪಡೆಯಿತು. ಪೆಲ್ ಗ್ರಾಂಟ್ ಬಂದಿಗಳಿಗೆ ಮರಳಿ ಸಿಕ್ಕಿದ್ದು 2023ರ ಜುಲೈಯಲ್ಲಿ. ನಡುವಿನ ಅಷ್ಟೂ ವರ್ಷ ಆ ದೇಶದಲ್ಲೂ ಯಾರೋ ಅಕ್ಕಂದಿರು, ಮೇಷ್ಟ್ರುಗಳು ಗೇಟಿನಲ್ಲಿ ಕಾದು ನಿಂತು ಒಳಗೆ ಹೋಗಿ ಪಾಠ ಹೇಳಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಇಲ್ಲಿಂದಲೇ ಒಂದು ನಮಸ್ಕಾರ.

ಜೈಲಿನಲ್ಲಿ ಓದಿದವರು ಮತ್ತೆ ಜೈಲಿಗೆ ಮರಳುವುದು ಕಡಿಮೆ ಅಂತ ಅಲ್ಲಿನ ರ‍್ಯಾಂಡ್ ಸಂಸ್ಥೆಯ 2013ರ ಅಧ್ಯಯನ ಹೇಳಿದೆ. ಅನುಮತಿ ಕೇಳಲು ಹೋದಾಗ ನಮ್ಮ ತಂಡದವರು ಅದನ್ನು ತೋರಿಸುತ್ತಾರೆ, ತೋರಿಸಬೇಕು. ಆದರೆ ನನ್ನೊಡನೆ ಅಕ್ಕ ಒಮ್ಮೆಯೂ ಆ ಮಾತೆತ್ತಿದವರಲ್ಲ. ಮುಘಲರ ಕಂದಾಯ ಪದ್ಧತಿ ಅರ್ಥವಾಯಿತಾ ಅಂತ ಕೇಳುತ್ತಿದ್ದರು. ನನ್ನನ್ನು ವಿದ್ಯಾರ್ಥಿಯಾಗಿ ಮಾತ್ರ ನೋಡುತ್ತಿದ್ದ ಎರಡು ಗಂಟೆ ವಾರಕ್ಕೊಮ್ಮೆ ಸಿಗುತ್ತಿತ್ತು. ಉಳಿದ ದಿನಗಳನ್ನು ಆ ಎರಡು ಗಂಟೆಯ ಬಲದ ಮೇಲೆ ಕಳೆದೆ.

ಪದವಿ ಪತ್ರದಲ್ಲಿ ನನ್ನ ಹೆಸರಿದೆ, ವಿಷಯವಿದೆ, ವರ್ಷವಿದೆ. ಜೈಲಿನ ಹೆಸರಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಇದರಿಂದ ಏನು ಉಪಕಾರ ಅಂತ ನನ್ನಂಥವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನಾಗಿ ಹೇಳಬೇಕಾದ ಕಡೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಹೇಳುವ ಹೊತ್ತನ್ನು ಆರಿಸಿಕೊಳ್ಳುವ ಅವಕಾಶವಾದರೂ ನನ್ನ ಕೈಯಲ್ಲಿದೆ.

ತಂಗಿ, ನೀನು ಆ ರಾತ್ರಿಯ ಬಸ್ಸಿನಲ್ಲಿ ಒಬ್ಬಳೇ ಬಂದೆ, ಆಮೇಲಿನದೆಲ್ಲ ಒಬ್ಬಳೇ ಮಾಡಿದೆ. ನಿನಗೆ ಇಲ್ಲಿ ಬರೆಯುವುದಕ್ಕಿಂತ ಎದುರು ಕೂತು ಹೇಳುವುದೇ ಹೆಚ್ಚಿದೆ.

ಈ ಬರಹವನ್ನು ಪ್ರಿಂಟ್ ತೆಗೆದು ಒಳಗೆ ಓದಿಸುತ್ತೇವೆ ಅಂತ ತಂಡದವರು ಹೇಳಿದ್ದಾರೆ. ಹಾಗಾಗಿ ಎರಡನೇ ವರ್ಷದವರಿಗೆ ಒಂದು ಮಾತು. ನನ್ನ ಇತಿಹಾಸದ ನೋಟ್ಸ್ ಲೈಬ್ರರಿಯಲ್ಲಿ ಮೇಷ್ಟ್ರ ಬೀರುವಿನಲ್ಲಿವೆ, ಕೇಳಿ ತೆಗೆದುಕೊಳ್ಳಿ. ಅಸೈನ್‌ಮೆಂಟಿಗೆ ನೂರಕ್ಕೆ ಮೂವತ್ತರ ಲೆಕ್ಕ ಇದೆ, ಕೊನೆಯ ವಾರಕ್ಕೆ ಬಿಡಬೇಡಿ. ಈ ಸಲದ ಅರ್ಜಿಗಳಿಗೆ ನಂಬರ್ ಸಾಲದು ಅಂತ ಅಕ್ಕ ಅಂದಿದ್ದಕ್ಕೆ ನನ್ನ ನಂಬರ್ ಕೊಟ್ಟಿದ್ದೇನೆ, ತಂಗಿಯದನ್ನೂ ಕೊಟ್ಟಿದ್ದೇನೆ. ಹೆಸರು ತಿದ್ದುಪಡಿಯ ಅಫಿಡವಿಟ್ ಯಾರದಾದರೂ ಬಾಕಿ ಇದ್ದರೆ ಬರುವ ಭಾನುವಾರದೊಳಗೆ ಬರೆದು ಕಳಿಸಿ, ನೋಟರಿ ಹತ್ತಿರ ನಾನೇ ಹೋಗಿ ಬರುತ್ತೇನೆ.